ಬ್ಲಾಕ್ ಇಲ್ಲ, ಹಾದಿ ಸರಿಯಿಲ್ಲ

ನನ್ನ ಆಂಜಿಯೋಗ್ರಾಂ ವರದಿಯಲ್ಲಿ ಬ್ಲಾಕ್ ಎಂಬುದು ಒಂದೂ ಇರಲಿಲ್ಲ. ಕೊಲೆಸ್ಟರಾಲ್ ಹದದಲ್ಲಿತ್ತು, ಸಕ್ಕರೆ ಕಾಯಿಲೆ ಇರಲಿಲ್ಲ, ಬೀಡಿ ಸಿಗರೇಟಿನ ಸಹವಾಸ ಎಂದೂ ಇರಲಿಲ್ಲ. ಆದರೂ 44ನೆಯ ವಯಸ್ಸಿನಲ್ಲಿ ಎದೆಮೂಳೆ ಕೊಯ್ಯಿಸಿಕೊಂಡು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ನೋಡಲು ಬಂದ ನೆಂಟರಿಗೆಲ್ಲ ಇದನ್ನು ವಿವರಿಸಿ ಸಾಕಾಗಿದೆ. "ಎಷ್ಟು ಸ್ಟೆಂಟ್?" ಎಂದು ಕೇಳುತ್ತಾರೆ. ಒಂದೂ ಇಲ್ಲವೆಂದರೆ "ಹಾಗಾದರೆ ಬೈಪಾಸ್ ಇರಬೇಕು" ಎನ್ನುತ್ತಾರೆ. ಅದೂ ಅಲ್ಲವೆಂದರೆ, ಪಾಪ ಇವನನ್ನು ಆಸ್ಪತ್ರೆಯವರು ಚೆನ್ನಾಗಿ ಟೋಪಿ ಹಾಕಿ ಕಳಿಸಿದ್ದಾರೆ ಎಂಬ ಭಾವ ಅವರ ಮುಖದಲ್ಲಿ ಮೂಡುತ್ತದೆ. ಹೃದಯದ ತೊಂದರೆ ಎಂದರೆ ಕೊಬ್ಬು ಕಟ್ಟಿಕೊಳ್ಳುವುದು ಎಂದಷ್ಟೇ ನಾವೆಲ್ಲ ತಿಳಿದಿದ್ದೇವೆ. ಹುಟ್ಟುವಾಗಲೇ ರಕ್ತನಾಳ ತಪ್ಪು ಜಾಗದಿಂದ ಹೊರಟು ತಪ್ಪು ಹಾದಿ ಹಿಡಿದಿರಬಹುದು ಎಂಬುದು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ನಾನು ಮಂಡ್ಯದ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ದಿನವೂ ರೈಲಿನಲ್ಲಿ ಓಡಾಟ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು, ವಾರದಲ್ಲಿ ಕೆಲವು ಸಂಜೆ ಶಟಲ್ ಆಡುವುದು ಬಹಳ ವರ್ಷಗಳ ರೂಢಿ. ನೋವು ಕಾಣಿಸಿಕೊಂಡದ್ದು ಈ ಎರಡು ಕಡೆ ಮಾತ್ರ. ನಿಧಾನವಾಗಿ ಹತ್ತಿದರೆ ಏನೂ ಆಗುತ್ತಿರಲಿಲ್ಲ. ಗೆಳೆಯರ ಜೊತೆ ಪೈಪೋಟಿಗೆ ಬಿದ್ದು ಬಿರುಸಾಗಿ ಹತ್ತಿದರೆ ದೊಡ್ಡ ನಂದಿ ಮುಟ್ಟುವ ಮೊದಲೇ ಎದೆಯ ನಡುವೆ ಒತ್ತಿದ ಹಾಗಾಗಿ, ಅದು ದವಡೆಯವರೆಗೂ ಏರುತ್ತಿತ್ತು. ನಿಂತರೆ ತುಸು ಹೊತ್ತಿನಲ್ಲೇ ಮಾಯ. ಶಟಲ್ ಅಂಗಳದಲ್ಲಿ ಒಂದು ಸಂಜೆ ಇದರ ಜೊತೆಗೆ ಕಣ್ಣೂ ಕತ್ತಲಿಟ್ಟಿತು. ಬೀಳಲಿಲ್ಲ, ನೆಟ್ಟಿನ ಕಂಬ ಹಿಡಿದು ನಿಂತೆ.

ಮೊದಲು ತೋರಿಸಿದ ಕಡೆ ಮಲಗಿಸಿ ಇಸಿಜಿ ತೆಗೆದರು. ಚೆನ್ನಾಗಿದೆ ಎಂದರು. ಗ್ಯಾಸ್ ಇರಬೇಕೆಂದು ಹೇಳಿ ಊಟಕ್ಕೆ ಮುಂಚೆ ನುಂಗುವ ಮಾತ್ರೆ ಬರೆದುಕೊಟ್ಟರು. ನಮ್ಮ ಕಡೆ ಎದೆನೋವಿಗೆ ಗ್ಯಾಸಿಗಿಂತ ಜನಪ್ರಿಯವಾದ ಕಾರಣ ಇನ್ನೊಂದಿಲ್ಲ. ವೈದ್ಯರು ಹೇಳುವ ಮೊದಲೇ ರೋಗಿ ಹೇಳಿಬಿಡುತ್ತಾನೆ. ಆದರೆ ಗ್ಯಾಸು ಇಡ್ಲಿ ತಿಂದಾಗ ಬರಬೇಕು, ಮಲಗಿದಾಗ ಬರಬೇಕು; ಬೆಟ್ಟ ಹತ್ತುವಾಗಲೇ ಬಂದು ನಿಂತ ಕೂಡಲೇ ಹೋಗುವ ಶಿಸ್ತು ಅದಕ್ಕೆಲ್ಲಿಂದ ಬರಬೇಕು? ಮಾತ್ರೆ ಮುಗಿಯಿತು, ನೋವು ಮುಗಿಯಲಿಲ್ಲ.

ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದ ಹೃದ್ರೋಗ ತಜ್ಞರ ಬಳಿ ಹೋದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಎಲ್ಲಿ ನೋಯುತ್ತದೆ ಎನ್ನುವುದಿರಲಿ ಮೇಷ್ಟ್ರೇ, ಯಾವಾಗ ನೋಯುತ್ತದೆ ಹೇಳಿ" ಎಂದರು. ಹೇಳಿದೆ. ಎಕೋ ಮಾಡಿದರು; ಹೃದಯದ ಬಡಿತ, ಕವಾಟಗಳು, ಎಲ್ಲವೂ ಸರಿ. ಮಾರನೆಯ ವಾರ ಟಿಎಂಟಿ. ಎದೆಗೆ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ನಿಲ್ಲಿಸುತ್ತಾರೆ. ಮೊದಲ ಹಂತ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ. 10ರ ಏರು; ಸಂತೆಗೆ ಹೋದಷ್ಟು ಸಲೀಸು. ಮೂರು ನಿಮಿಷಕ್ಕೊಮ್ಮೆ ವೇಗವೂ ಹೆಚ್ಚುತ್ತದೆ, ಏರೂ ಹೆಚ್ಚುತ್ತದೆ. 220ರಲ್ಲಿ ವಯಸ್ಸನ್ನು ಕಳೆದು ಬಂದದ್ದರ ಶೇ. 85ರಷ್ಟಕ್ಕಾದರೂ ನಾಡಿ ಏರಬೇಕು, ಆಗಲೇ ಪರೀಕ್ಷೆ ಮುಗಿದ ಹಾಗೆ. ನನಗೆ ಅದು 150. ಅಲ್ಲಿ ಮುಟ್ಟುವ ಹೊತ್ತಿಗೆ ಒತ್ತಡ ಶುರುವಾಯಿತು. ಇಸಿಜಿಯ ಗೆರೆ ಕೆಳಕ್ಕೆ ಜಗ್ಗಿತು, ಆದರೆ ಧೈರ್ಯವಾಗಿ ಏನಾದರೂ ಹೇಳುವಷ್ಟಲ್ಲ. ವೈದ್ಯರು ಆ ಉದ್ದನೆಯ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಗೆರೆಯನ್ನು ನಂಬುವುದಕ್ಕಿಂತ ನಿಮ್ಮ ಮಾತನ್ನೇ ನಂಬುತ್ತೇನೆ" ಎಂದು ಆಂಜಿಯೋಗ್ರಾಂ ಬರೆದರು. ಇಡೀ ಪ್ರಕರಣದಲ್ಲಿ ನನಗೆ ಸಿಕ್ಕಿದ ಮೊದಲ ಅದೃಷ್ಟ ಅದು.

ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಎಂಬುದು ಮೈ ನಡುಗುವಷ್ಟು ತಣ್ಣಗಿರುವ ಕೋಣೆ. ಬಲ ಮಣಿಕಟ್ಟಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಲಿಂದ ಕ್ಯಾತಿಟರ್ ಎಂಬ ತೆಳ್ಳನೆಯ ಕೊಳವೆಯನ್ನು ಒಳಗೆ ಬಿಡುತ್ತಾರೆ. ಎಚ್ಚರವಾಗಿಯೇ ಇರುತ್ತೇವೆ, ತಲೆ ಹೊರಳಿಸಿದರೆ ಪರದೆಯ ಮೇಲೆ ನಮ್ಮದೇ ಹೃದಯ ಬಡಿಯುವುದು ಕಾಣುತ್ತದೆ. ಬಣ್ಣದ ಔಷಧ ಬಿಟ್ಟಾಗ ಎಡಗಡೆಯ ನಾಳಗಳು ಕಪ್ಪಗೆ ಕವಲೊಡೆದು ಮೂಡಿದವು. "ಎಡಗಡೆ ಅಚ್ಚುಕಟ್ಟಾಗಿದೆ" ಎಂದರು. ಇನ್ನೇನು ಮುಗಿಯಿತು ಎಂದುಕೊಂಡೆ. ಆಮೇಲೆ ಮಾತು ನಿಂತಿತು. "ಬಲಗಡೆಯದು ಸಿಗುತ್ತಿಲ್ಲ, ಬೇರೆಯದು ಕೊಡಿ ಸಿಸ್ಟರ್." ಇನ್ನೊಂದು ಆಕಾರದ ಕ್ಯಾತಿಟರ್ ಬಂತು. ಅದೂ ಆಗಲಿಲ್ಲ. ಮತ್ತೊಂದು. ಪ್ರತಿ ಸಲ ಬದಲಿಸುವಾಗಲೂ ಮುಂಗೈಯ ನಾಳ ಹಿಡಿದುಕೊಂಡು ಸೆಳೆಯುತ್ತಿತ್ತು. ಮಲಗಿದ ಮನುಷ್ಯನಿಗೆ ತನ್ನ ಹೃದಯದ ಒಂದು ಭಾಗ ಸಿಗುತ್ತಿಲ್ಲವೆಂದು ಕೇಳಿಸುವುದು ಹಿತವಾದ ಸಂಗತಿಯಲ್ಲ. ಕೊನೆಗೆ ಹಿರಿಯ ವೈದ್ಯರು ಬಂದರು, ನಾಳವನ್ನು ಹುಡುಕುವುದನ್ನು ಬಿಟ್ಟು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬುಡಕ್ಕೇ ಒಂದಿಷ್ಟು ಹೆಚ್ಚು ಔಷಧ ಬಿಡಿಸಿದರು. ಮೈಯೆಲ್ಲ ಬಿಸಿಯಾಯಿತು. "ನೋಡಿ, ಇಲ್ಲಿದ್ದಾನೆ. ಎಡಗಡೆಯಿಂದ ಬರುತ್ತಿದ್ದಾನೆ" ಎಂದು ಪರದೆಗೆ ಬೆರಳು ಮಾಡಿದರು. ಅವರ ದನಿಯಲ್ಲಿ ಕಳೆದ ಕೀಲಿಕೈ ಸಿಕ್ಕವರ ಉತ್ಸಾಹವಿತ್ತು.

ಹೃದಯದಿಂದ ಮಹಾಪಧಮನಿ ಹೊರಡುವ ಜಾಗದಲ್ಲಿ, ಕವಾಟದ ಮೇಲ್ಗಡೆ, ಮೂರು ಉಬ್ಬುಗಳಿವೆ. ವಾಲ್ಸಾಲ್ವಾ ಸೈನಸ್ ಎಂದು ಅವಕ್ಕೆ ಹೆಸರು. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೊನರಿ ಅಪಧಮನಿಗಳು ಇವುಗಳಿಂದ ಹುಟ್ಟುತ್ತವೆ. ಎಡ ಉಬ್ಬಿನಿಂದ ಎಡಗಡೆಯ ಮುಖ್ಯ ನಾಳ, ಬಲ ಉಬ್ಬಿನಿಂದ ಬಲಗಡೆಯದು. ಮೂರನೆಯದರಿಂದ ಏನೂ ಹುಟ್ಟುವುದಿಲ್ಲ. ನನ್ನ ಬಲ ಉಬ್ಬು ಖಾಲಿ. ಬಲಗಡೆಯ ನಾಳವೂ ಎಡ ಉಬ್ಬಿನಲ್ಲೇ, ಎಡ ನಾಳದ ಪಕ್ಕದಲ್ಲೇ ಹುಟ್ಟಿ, ತಾನು ಸೇರಬೇಕಾದ ಬಲಗಡೆಗೆ ಅಡ್ಡಹಾದು ಹೋಗುತ್ತಿತ್ತು. ತಾಯಿಯ ಗರ್ಭದಲ್ಲಿದ್ದಾಗಲೇ ಹೀಗೆ ರೂಪುಗೊಂಡದ್ದು. 44 ವರ್ಷ ಅದರ ಜೊತೆಗೇ ಬದುಕಿದ್ದೆ.

ಇದರ ಅಪಾಯ ಎಷ್ಟು ಎಂದು ಕೇಳಿದೆ. ಹಿರಿಯ ವೈದ್ಯರು, "ಎಲ್ಲಿ ಹುಟ್ಟಿದೆ ಎಂದಷ್ಟೇ ಈಗ ಗೊತ್ತಾಗಿದೆ. ಯಾವ ಹಾದಿಯಲ್ಲಿ ಹೋಗುತ್ತದೆ ಎಂದು ಗೊತ್ತಾಗುವವರೆಗೆ ನಾನೂ ಹೆದರುವುದಿಲ್ಲ, ನೀವೂ ಹೆದರಬೇಡಿ" ಎಂದರು. ಅಲ್ಲಿಯವರೆಗೆ ಬೆಟ್ಟವೂ ಬೇಡ, ಶಟಲೂ ಬೇಡ ಎಂದು ಕಟ್ಟಪ್ಪಣೆಯಾಯಿತು.

ಮನೆಗೆ ಬಂದು ರಾತ್ರಿಯೆಲ್ಲ ಓದಿದೆ. ಲೆಕ್ಕದ ಮೇಷ್ಟರಿಗೆ ಅಂಕಿಗಳಿದ್ದರೆ ಸಮಾಧಾನ. 1990ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಿಂದ ಯಮನಾಕ ಮತ್ತು ಹಾಬ್ಸ್ ಪ್ರಕಟಿಸಿದ ಅಧ್ಯಯನವೊಂದಿದೆ. ಆಂಜಿಯೋಗ್ರಾಂ ಮಾಡಿಸಿಕೊಂಡ 1,26,595 ಜನರಲ್ಲಿ 1,686 ಮಂದಿಗೆ, ಅಂದರೆ ಶೇ. 1.3ರಷ್ಟು ಜನಕ್ಕೆ, ಕರೊನರಿ ನಾಳಗಳಲ್ಲಿ ಹುಟ್ಟಿನಿಂದ ಬಂದ ವ್ಯತ್ಯಾಸಗಳಿದ್ದವು. ಅವುಗಳಲ್ಲಿ ಶೇ. 80ಕ್ಕೂ ಹೆಚ್ಚು ನಿರುಪದ್ರವಿಗಳು. ಎಡಗಡೆಯಿಂದ ಹುಟ್ಟಬೇಕಾದ ಸರ್ಕಮ್‌ಫ್ಲೆಕ್ಸ್ ಎಂಬ ಕವಲು ಬಲಗಡೆಯಿಂದ ಹುಟ್ಟಿ, ಮಹಾಪಧಮನಿಯ ಹಿಂಬದಿಯಿಂದ ಸುತ್ತಿ ಬರುವುದುಂಟು. ಅಂಥವರು ನೂರು ವರ್ಷ ಬದುಕಿದರೂ ಆಶ್ಚರ್ಯವಿಲ್ಲ. ಇನ್ನೊಂದು ತುದಿಯಲ್ಲಿ, ಎಡ ನಾಳ ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದಲೇ ಹುಟ್ಟುವ ದೋಷವಿದೆ. 1933ರಲ್ಲಿ ಇದನ್ನು ವಿವರಿಸಿದ ಬ್ಲಾಂಡ್, ವೈಟ್, ಗಾರ್ಲೆಂಡ್ ಎಂಬ ಮೂವರ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಸುಮಾರು ಮೂರು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವಂಥದ್ದು. ಮೊದಲ ಕೆಲವು ವಾರ ಮಗು ಚೆನ್ನಾಗಿಯೇ ಇರುತ್ತದೆ. ಆಮೇಲೆ ಹಾಲು ಕುಡಿಯುವಾಗ ಬೆವರುತ್ತದೆ, ಏದುಸಿರು ಬಿಡುತ್ತದೆ, ಚೀರುತ್ತದೆ. ಹೃದಯ ಸ್ನಾಯುವೇ ದುರ್ಬಲವೆಂದು ಭಾವಿಸಿ ನಾಳದ ಮೂಲ ನೋಡದೆ ಬಿಟ್ಟರೆ ಕೂಸು ಕೈತಪ್ಪುತ್ತದೆ. ಗುರುತಿಸಿ ನಾಳವನ್ನು ಮಹಾಪಧಮನಿಗೆ ಜೋಡಿಸಿದರೆ ಹಲವು ಮಕ್ಕಳ ಹೃದಯ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಒಂದೇ ಗುಂಪಿನ ದೋಷಗಳಲ್ಲಿ ಇಷ್ಟು ಅಂತರ. ಹಾಗಾಗಿ "ಕರೊನರಿ ನಾಳದ ವೈಪರೀತ್ಯ" ಎಂದು ಬರೆದ ಒಂದು ಸಾಲನ್ನು ಓದಿ ಅಳುವುದೂ ನಗುವುದೂ ಎರಡೂ ಅವಸರ.

ನಾಳದ ಹಾದಿ ತಿಳಿಯಲು ಮಾಡುವ ಸಿಟಿ ಕರೊನರಿ ಆಂಜಿಯೋಗ್ರಾಂಗೆ ಕಾಯುವಾಗ ಶ್ರೀರಂಗಪಟ್ಟಣದ ಕಡೆಯ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಿದ್ದರು. ಅವರದು ಇನ್ನೊಂದು ಬಗೆ. ಹೃದಯದ ಮೇಲ್ಮೈಯಲ್ಲಿ ಹರಿಯಬೇಕಾದ ಮುಂಬದಿಯ ನಾಳ ಸ್ವಲ್ಪ ದೂರ ಸ್ನಾಯುವಿನೊಳಗೆ ಹುದುಗಿ ಹೋಗುತ್ತದೆ. ಹೃದಯ ಕುಗ್ಗಿದಾಗಲೆಲ್ಲ ಆ ಭಾಗ ಹಿಂಡಿದಂತಾಗುತ್ತದೆ. ವೈದ್ಯರು ಇದನ್ನು ಬ್ರಿಡ್ಜ್ ಎನ್ನುತ್ತಾರೆ. ಬಹುಪಾಲು ಜನಕ್ಕೆ ಇದು ತೊಂದರೆ ಕೊಡುವುದೇ ಇಲ್ಲ. ಇವರಿಗೆ ಕೊಡುತ್ತಿತ್ತು, ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಯಿಂದ ಹತೋಟಿಗೆ ಬಂದಿತ್ತು. "ನಾಲಿಗೆ ಕೆಳಗಿಡುವ ಮಾತ್ರೆ ಇಟ್ಟರೆ ನನಗೆ ನೋವು ಜಾಸ್ತಿಯಾಗುತ್ತಿತ್ತು ಸಾರ್, ಯಾರೂ ನಂಬುತ್ತಿರಲಿಲ್ಲ" ಎಂದರು. ಆಮೇಲೆ ನಮ್ಮ ವೈದ್ಯರನ್ನು ಕೇಳಿದಾಗ ಆಕೆ ಹೇಳಿದ್ದು ಸರಿಯೇ ಆಗಿತ್ತು. ಸಾಮಾನ್ಯ ಬ್ಲಾಕ್‌ಗೆ ಉಪಶಮನ ಕೊಡುವ ಆ ನೈಟ್ರೇಟ್ ಮಾತ್ರೆ, ಬ್ರಿಡ್ಜ್ ಇದ್ದವರಲ್ಲಿ ನಾಳ ಇನ್ನಷ್ಟು ಹಿಂಡುವಂತೆ ಮಾಡಬಹುದಂತೆ.

ಸಿಟಿ ಪರೀಕ್ಷೆ ನೋವಿನದಲ್ಲ, ಸಿದ್ಧತೆ ಜಾಸ್ತಿ. ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ಮೊದಲೇ ನೋಡುತ್ತಾರೆ. ಅಸ್ತಮಾ ಇದೆಯೇ, ಹಿಂದೆ ಕಾಂಟ್ರಾಸ್ಟ್ ಎಂಬ ಬಣ್ಣದ ಔಷಧಕ್ಕೆ ಅಲರ್ಜಿ ಆಗಿತ್ತೇ ಎಂದು ಕೇಳುತ್ತಾರೆ. ಹೃದಯ ಅತ್ತಿತ್ತ ಹೊಯ್ದಾಡುತ್ತಿದ್ದರೆ ಚಿತ್ರ ಕಲಸಿಹೋಗುತ್ತದೆ, ಆದ್ದರಿಂದ ನಾಡಿ 60ರ ಸುತ್ತಮುತ್ತ ಇಳಿಯಬೇಕು. ನನ್ನದು ಮಾತ್ರೆ ನುಂಗಿದರೂ 78ರಲ್ಲಿ ಪಟ್ಟು ಹಿಡಿದು ಕೂತಿತ್ತು. ಇನ್ನೊಂದು ಮಾತ್ರೆ ಕೊಟ್ಟು ಹೊರಗೆ ಕೂರಿಸಿದರು. ಅಲ್ಲಿ ಗೋಡೆಯ ಟಿವಿಯಲ್ಲಿ ಚುನಾವಣಾ ಚರ್ಚೆ ಜೋರಾಗಿ ನಡೆದಿತ್ತು. ನಾಡಿ ಇಳಿಸಬೇಕಾದವರನ್ನು ಕೂರಿಸುವ ಜಾಗದಲ್ಲಿ ಅದನ್ನು ಹಚ್ಚಿದ ಪುಣ್ಯಾತ್ಮ ಯಾರೋ ಕಾಣೆ. ನನ್ನ ಹೆಂಡತಿ ಹೋಗಿ ಆರಿಸಿ ಬಂದಳು. ಒಳಗೆ ಮೊಣಕೈ ಮಡಿಕೆಯಲ್ಲಿ ದಪ್ಪ ಸೂಜಿ ಹಾಕಿದರು, ಎರಡೂ ಕೈ ತಲೆಯ ಮೇಲಕ್ಕೆತ್ತಿ ಮಲಗಿಸಿದರು. "ಬಿಸಿ ಅನ್ನಿಸುತ್ತದೆ, ಮೂತ್ರ ಹೋದ ಹಾಗೆಯೂ ಅನ್ನಿಸುತ್ತದೆ, ಹೋಗಿರುವುದಿಲ್ಲ, ಗಾಬರಿಯಾಗಬೇಡಿ" ಎಂದು ತಂತ್ರಜ್ಞ ಹುಡುಗ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಹಾಗೆಯೇ ಅನ್ನಿಸಿತು. ಉಸಿರು ಹಿಡಿದದ್ದು ಕೆಲವೇ ಸೆಕೆಂಡು.

ವರದಿ ಬಂತು. ಬಲ ನಾಳ ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವಿನ ಸಂದಿಯಲ್ಲಿ ಹಾದುಹೋಗುತ್ತದೆ. ಅಷ್ಟೇ ಆಗಿದ್ದರೆ ಒಂದು ಮಾತು. ಆರಂಭದ ಭಾಗ ಮಹಾಪಧಮನಿಯ ಗೋಡೆಯೊಳಗೇ ಹುದುಗಿಕೊಂಡಿದೆ. ಹೊರಡುವ ಬಾಯಿ ದುಂಡಗಿಲ್ಲ, ಸೀಳಿನಂತಿದೆ. ನೇರವಾಗಿ ಹೊರಡುವ ಬದಲು ಗೋಡೆಗೆ ಒತ್ತಿಕೊಂಡು ಓರೆಯಾಗಿ ಹೊರಡುತ್ತದೆ. ಸುಮ್ಮನೆ ಕೂತಾಗ ಈ ಕಿರಿದಾದ ದಾರಿಯಲ್ಲೇ ಸಾಕಷ್ಟು ರಕ್ತ ಹರಿಯುತ್ತದೆ. ಬಿರುಸಾಗಿ ಹತ್ತುವಾಗ ಮಹಾಪಧಮನಿ ಒತ್ತಡದಿಂದ ಹಿಗ್ಗುತ್ತದೆ, ಗೋಡೆಯೊಳಗಿನ ನಾಳ ಚಪ್ಪಟೆಯಾಗುತ್ತದೆ. ಸ್ನಾಯು ಹೆಚ್ಚು ರಕ್ತ ಕೇಳುವ ಹೊತ್ತಿಗೇ ರಕ್ತ ಕಡಿಮೆಯಾಗುತ್ತದೆ. ಪಾಂಡವಪುರದ ಕಡೆ ಗದ್ದೆ ಮಾಡಿಕೊಂಡಿರುವ ನನ್ನ ಅಣ್ಣನಿಗೆ ವೈದ್ಯರ ಚಿತ್ರ ತೋರಿಸಿ ಇದನ್ನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ತೂಬೇ ಕಿರಿದಾದರೆ ಕಾಲುವೆ ಎಷ್ಟು ಚೆನ್ನಾಗಿದ್ದು ಏನು ಬಂತು? ನಿನಗೆ ಹೂಳು ತುಂಬಿಲ್ಲ, ತೂಬು ಕೆಟ್ಟಿದೆ" ಎಂದ. ನಾನು ಓದಿದ್ದಕ್ಕಿಂತ ಅದೇ ಚೊಕ್ಕವಾಗಿತ್ತು. ಆಮೇಲೆ ನೆಂಟರಿಗೆ ವಿವರಿಸುವ ಕೆಲಸವನ್ನು ಅವನಿಗೇ ವಹಿಸಿದೆ.

ಮಲಗಿಸಿ ತೆಗೆದ ಇಸಿಜಿ ನನಗೆ ಏಕೆ ಏನೂ ಹೇಳಲಿಲ್ಲ ಎಂಬುದೂ ಆಗ ತಿಳಿಯಿತು. 2000ರಲ್ಲಿ ಬಾಸ್ಸೋ ಮತ್ತು ಸಂಗಡಿಗರು, ಇಂಥ ದೋಷದಿಂದ ಹಠಾತ್ತನೆ ಸತ್ತ 27 ಯುವ ಕ್ರೀಡಾಪಟುಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ್ದರು. ಬದುಕಿದ್ದಾಗ ಇಸಿಜಿ ಮಾಡಿಸಿಕೊಂಡಿದ್ದ ಒಂಬತ್ತೂ ಜನರದು ಸರಿಯಾಗಿತ್ತು. ಓಡಿಸಿ ನೋಡಿದ್ದ ಆರೂ ಜನರದೂ ಸರಿಯಾಗಿಯೇ ಇತ್ತು. ಹೆಚ್ಚಿನವರು ಸತ್ತದ್ದು ಆಟದ ಮಧ್ಯೆ ಅಥವಾ ಆಟ ಮುಗಿದ ಕೂಡಲೇ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಪೀಟ್ ಮರಾವಿಚ್ 1988ರ ಜನವರಿಯಲ್ಲಿ, 40ನೆಯ ವಯಸ್ಸಿನಲ್ಲಿ, ಗೆಳೆಯರ ಜೊತೆ ಆಡುತ್ತಿದ್ದಾಗ ಕುಸಿದು ಸತ್ತರು. ಅವರಿಗೆ ಎಡ ಕರೊನರಿ ನಾಳವೇ ಇರಲಿಲ್ಲವೆಂದು ಶವಪರೀಕ್ಷೆಯಲ್ಲಿ ತಿಳಿದುಬಂತು. ವರ್ಷಗಟ್ಟಲೆ ವೃತ್ತಿಪರ ಪಂದ್ಯ ಆಡಿದ ಮನುಷ್ಯ! ಇದನ್ನು ಹೆಂಡತಿಗೆ ಹೇಳಲಿಲ್ಲ.

ಆದರೆ ಇದೇ ಅಂಕಿಗಳಲ್ಲಿ ನನಗೆ ಧೈರ್ಯ ಕೊಡುವ ಮಾತೂ ಇತ್ತು. ಸತ್ತ 27 ಜನರಲ್ಲಿ 23 ಜನರದು ಎಡ ನಾಳ ಬಲಗಡೆಯಿಂದ ಹುಟ್ಟಿದ್ದು. ನನ್ನ ಹಾಗೆ ಬಲ ನಾಳ ಎಡಗಡೆಯಿಂದ ಹುಟ್ಟಿದವರು ನಾಲ್ವರು. ಸಮಾಜದಲ್ಲಿ ನನ್ನ ಬಗೆಯವರೇ ಹೆಚ್ಚು, ಸಾಯುವವರಲ್ಲಿ ಮಾತ್ರ ಕಡಿಮೆ. ಮೇಲಾಗಿ ಹಠಾತ್ ಸಾವಿನ ಭಯ ಹೆಚ್ಚಾಗಿರುವುದು ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ. ನಡುವಯಸ್ಸಿನಲ್ಲಿ ಬಲ ನಾಳದ ಈ ದೋಷ ಬೇರೇನೋ ಹುಡುಕುವಾಗ ಆಕಸ್ಮಿಕವಾಗಿ ಕಾಣಿಸಿಕೊಂಡರೆ ಎಷ್ಟೋ ಸಲ ಕಾದು ನೋಡುವುದೇ ಸಾಕು.

ಇಲ್ಲಿಂದಲೇ ಗೊಂದಲ ಶುರು. ಒಬ್ಬ ವೈದ್ಯರು, ಬೀಟಾ ಬ್ಲಾಕರ್ ತೆಗೆದುಕೊಂಡು ಬಿರುಸಿನ ಆಟ ಬಿಟ್ಟುಬಿಡಿ ಎಂದರು. ಇನ್ನೊಬ್ಬರು ತಡ ಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದರು. ನಮ್ಮ ಭಾವಮೈದ ಒಂದು ಸ್ಟೆಂಟ್ ಹಾಕಿಸಿದರೆ ಮುಗಿಯಿತಲ್ಲ ಎಂದ. ಅವನಿಗೆ ಎಲ್ಲ ಸಮಸ್ಯೆಗೂ ಸ್ಟೆಂಟೇ ಪರಿಹಾರ. ಹೊರಗಿನಿಂದ ಅದುಮಿದಾಗ ಚಪ್ಪಟೆಯಾಗುವ, ಬಾಯಿಯೇ ಓರೆಯಾಗಿರುವ ನಾಳಕ್ಕೆ ಸ್ಟೆಂಟ್ ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. ಬೈಪಾಸ್ ಕೂಡ ಅಷ್ಟಕ್ಕಷ್ಟೇ. ವಿಶ್ರಾಂತಿಯಲ್ಲಿ ಮೂಲ ನಾಳದಲ್ಲೇ ರಕ್ತ ಧಾರಾಳವಾಗಿ ಹರಿಯುವುದರಿಂದ ಹೊಸದಾಗಿ ಹೊಲಿದ ನಾಳಕ್ಕೆ ಕೆಲಸವಿಲ್ಲದೆ ಅದು ಮುಚ್ಚಿಹೋಗಬಹುದು.

ಜಗಳ ತೀರಿಸಿದ್ದು ಬೆಂಗಳೂರಿನಲ್ಲಿ ಮಾಡಿಸಿದ ನ್ಯೂಕ್ಲಿಯರ್ ಪರ್ಫ್ಯೂಷನ್ ಸ್ಕ್ಯಾನ್. ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಬಿಟ್ಟು, ಹೃದಯ ಸ್ನಾಯುವಿನ ಯಾವ ಭಾಗಕ್ಕೆ ಎಷ್ಟು ರಕ್ತ ತಲುಪುತ್ತಿದೆ ಎಂದು ಕ್ಯಾಮೆರಾದಲ್ಲಿ ನೋಡುತ್ತಾರೆ. ವಿಶ್ರಾಂತಿಯಲ್ಲಿ ಒಮ್ಮೆ, ಶ್ರಮದಲ್ಲಿ ಒಮ್ಮೆ. ಹಿಂದಿನ ದಿನದಿಂದ ಕಾಫಿ ಬಂದ್. ಮೈಸೂರಿನವನಿಗೆ ಅದಕ್ಕಿಂತ ದೊಡ್ಡ ಶ್ರಮ ಬೇಡ. ಓಡಲಾಗದವರಿಗೆ ನಾಳ ಹಿಗ್ಗಿಸುವ ಔಷಧ ಕೊಟ್ಟು ಪರೀಕ್ಷೆ ಮಾಡುವುದುಂಟು. ಆದರೆ ನಮ್ಮ ಮೈಸೂರಿನ ವೈದ್ಯರು, ನನಗೆ ಓಡಿಸಿಯೇ ಮಾಡಬೇಕೆಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ನಾಳ ಅದುಮಿಕೊಳ್ಳುವುದು ನಾಡಿಯೂ ರಕ್ತದೊತ್ತಡವೂ ನಿಜವಾಗಿ ಏರಿದಾಗ. ಔಷಧದಿಂದ ಸುಮ್ಮನೆ ನಾಳ ಹಿಗ್ಗಿಸಿದರೆ ದೋಷ ಬಯಲಾಗದೇ ಹೋಗಬಹುದು ಎಂಬುದು ಅವರ ವಾದ. ಅಲ್ಲಿನ ಸಿಬ್ಬಂದಿ ರೂಢಿಯಂತೆ ಔಷಧದ್ದಕ್ಕೇ ತಯಾರಿ ಮಾಡಿಕೊಂಡಿದ್ದರು. ಚೀಟಿ ತೋರಿಸಿದ ಮೇಲೆ ಓಡಿಸಿದರು. ವಿಶ್ರಾಂತಿಯ ಚಿತ್ರದಲ್ಲಿ ಹೃದಯದ ಕೆಳಗೋಡೆ ಬೆಳಗುತ್ತಿತ್ತು. ಓಡಿದ ಮೇಲೆ ತೆಗೆದ ಚಿತ್ರದಲ್ಲಿ ಅದೇ ಜಾಗ ಮಂಕಾಗಿತ್ತು. ಅದು ಬಲ ನಾಳದ ಸೀಮೆ. ನೋವಿಗೂ ನಾಳಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಲಕ್ಷಣವೂ ಇದೆ, ರಕ್ತದ ಕೊರತೆಯ ಸಾಕ್ಷಿಯೂ ಇದೆ. ಇಂಥ ಬಲ ನಾಳಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಎಲ್ಲರೂ ಒಪ್ಪಿದರು. ಆ ಮಂಕು ಕಾಣದೇ ಹೋಗಿದ್ದರೆ ನಾನು ಮಾತ್ರೆಯ ದಾರಿಯನ್ನೇ ಹಿಡಿಯುತ್ತಿದ್ದೆ.

ದುಡ್ಡಿನ ಮಾತು ಒಂದಿಷ್ಟು. ರಾಜ್ಯ ಸರ್ಕಾರಿ ನೌಕರನಾದ್ದರಿಂದ ನನಗೆ ಜ್ಯೋತಿ ಸಂಜೀವಿನಿ ಯೋಜನೆ ಇತ್ತು. ಪೂರ್ವಾನುಮತಿಗೆ ಸಿಟಿ ವರದಿ, ಸ್ಕ್ಯಾನ್ ವರದಿ, ಶಸ್ತ್ರವೈದ್ಯರ ಟಿಪ್ಪಣಿ ಎಲ್ಲವನ್ನೂ ಜೋಡಿಸಿ ಕೊಟ್ಟೆವು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಆಸ್ಪತ್ರೆ ಸೇರುವ ಮೊದಲೇ ಶಿಫಾರಸು ಪತ್ರದ ವಿಚಾರ ಕೇಳಿಕೊಳ್ಳುವುದು ಒಳ್ಳೆಯದು.

ಶಸ್ತ್ರವೈದ್ಯರು ಮಾಡಿದ್ದನ್ನು ಇಂಗ್ಲಿಷಿನಲ್ಲಿ ಅನ್‌ರೂಫಿಂಗ್ ಎನ್ನುತ್ತಾರೆ. ಎದೆಮೂಳೆ ಸೀಳಿ, ರಕ್ತವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ತಿರುಗಿಸಿ, ಹೃದಯವನ್ನು ನಿಲ್ಲಿಸಿ, ಮಹಾಪಧಮನಿಯನ್ನು ಕವಾಟದ ಮೇಲ್ಗಡೆ ತೆರೆಯುತ್ತಾರೆ. ಗೋಡೆಯೊಳಗೆ ಹುದುಗಿದ ನಾಳಕ್ಕೂ ಮಹಾಪಧಮನಿಗೂ ನಡುವಿನ ಪದರವನ್ನು ಉದ್ದಕ್ಕೂ ಕತ್ತರಿಸಿ ತೆಗೆದು, ಅಂಚುಗಳನ್ನು ಸಣ್ಣ ಹೊಲಿಗೆಗಳಿಂದ ಕೂರಿಸುತ್ತಾರೆ. ಸೀಳಿನ ಬದಲು ಅಗಲವಾದ ಬಾಯಿ ಸಿಗುತ್ತದೆ, ಅದೂ ಇರಬೇಕಾದ ಬಲ ಉಬ್ಬಿನಲ್ಲಿಯೇ. ಕವಾಟದ ದಳಗಳು ಕೂಡುವ ಜಾಗ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಪೆಟ್ಟಾಗಿ ಕವಾಟ ಸೋರುವ ಸಾಧ್ಯತೆ ಇರುತ್ತದೆ ಎಂದೂ ಮೊದಲೇ ಹೇಳಿದ್ದರು. ಕಾಗದದ ಮೇಲೆ ಪೆನ್ನಿನಿಂದ ಬರೆದು ತೋರಿಸಿ, ಪ್ರಶ್ನೆ ಕೇಳಲು ಬಿಟ್ಟರು. ನನ್ನ ಹೆಂಡತಿ ಕೇಳಿದ್ದು ಒಂದೇ: "ನೀವು ಇದನ್ನು ಹಿಂದೆ ಮಾಡಿದ್ದೀರಾ ಡಾಕ್ಟರೇ?" ಮಾಡಿದ್ದೇನೆ, ಹೆಚ್ಚಾಗಿ ಮಕ್ಕಳಿಗೆ ಎಂದರು. ಇಂಥ ಅಪರೂಪದ ಕೆಲಸಕ್ಕೆ ಹುಟ್ಟು ಹೃದ್ರೋಗಗಳ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರನ್ನೇ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ. ದಿನವೂ ಬೈಪಾಸ್ ಮಾಡುವ ಕೈ ಎಷ್ಟೇ ದೊಡ್ಡದಿರಲಿ, ಇದು ಬೇರೆ ವಿದ್ಯೆ.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ, ನಾನು ಅಲ್ಲಿ ಇದ್ದೂ ಇರಲಿಲ್ಲ. ಎಚ್ಚರವಾದಾಗ ಗಂಟಲಲ್ಲಿ ಕೊಳವೆ, ಎದೆಯ ಕೆಳಗೆ ನೀರು ಬಸಿಯುವ ಕೊಳವೆಗಳು. ನೋವಿಗಿಂತ ಹೆಚ್ಚು ಕಾಡಿದ್ದು ಕೆಮ್ಮು. ಕಫ ಹೊರಗೆ ಬರಲೇಬೇಕು, ಆದರೆ ಕೆಮ್ಮಿದರೆ ಕೊಯ್ದ ಮೂಳೆ ಬಿಚ್ಚಿಕೊಂಡಿತೇನೋ ಎನಿಸುತ್ತದೆ. ದಿಂಬನ್ನು ಎದೆಗೆ ಬಿಗಿಯಾಗಿ ಅಪ್ಪಿಕೊಂಡು ಕೆಮ್ಮಲು ಹೇಳಿಕೊಟ್ಟರು. ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟು, ನಳಿಕೆಯಿಂದ ಉಸಿರೆಳೆದು ಚೆಂಡು ಮೇಲೆತ್ತಿಸುತ್ತಾರೆ. ಮೊದಲ ದಿನ ಒಂದು ಚೆಂಡು ಅಲುಗಾಡಿದ್ದಕ್ಕೆ ನರ್ಸ್ ಚಪ್ಪಾಳೆ ತಟ್ಟಿದಳು. ಪಾಸು ನಪಾಸು ಮಾಡುವ ಕೆಲಸದವನಿಗೆ ಅದೊಂದು ಹೊಸ ಅನುಭವ.

ಮನೆಗೆ ಬಂದ ಮೇಲೆ ಭಾರ ಎತ್ತುವ ಹಾಗಿಲ್ಲ, ಎರಡೂ ಕೈಯೂರಿ ಏಳುವ ಹಾಗಿಲ್ಲ, ಸ್ಕೂಟರ್ ಮುಟ್ಟುವ ಹಾಗಿಲ್ಲ. ಮಗ್ಗುಲಿಗೆ ಹೊರಳಿ ಏಳುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿದ್ದರು. ಆಸ್ಪಿರಿನ್ ಕೆಲವು ತಿಂಗಳು. ಮಧ್ಯದಲ್ಲಿ ಒಮ್ಮೆ ಸಣ್ಣ ಜ್ವರ, ಉಸಿರೆಳೆದರೆ ಎದೆಯಲ್ಲಿ ಚುಚ್ಚು. ಎಕೋದಲ್ಲಿ ಹೃದಯದ ಸುತ್ತಲಿನ ಚೀಲದಲ್ಲಿ ತುಸು ನೀರು ಕಂಡಿತು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಹೀಗಾಗುತ್ತದೆಯಂತೆ. ಮಾತ್ರೆಗೆ ಇಳಿಯಿತು. ನಡಿಗೆ ಮಾತ್ರ ಮೊದಲ ವಾರದಿಂದಲೇ ಕಡ್ಡಾಯ. ಕುವೆಂಪುನಗರದ ಉದ್ಯಾನದಲ್ಲಿ ಎಪ್ಪತ್ತು ದಾಟಿದವರೆಲ್ಲ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು.

ಮೂರು ತಿಂಗಳಾದ ಮೇಲೆ ಮತ್ತೆ ಸಿಟಿ, ಮತ್ತೆ ಓಡುವ ಪಟ್ಟಿ. ಸಿಟಿಯಲ್ಲಿ ಹೊಸ ಬಾಯಿ ಅಗಲವಾಗಿ, ದುಂಡಗೆ ಕಂಡಿತು. 150 ದಾಟಿಸಿ ಇನ್ನೂ ಮುಂದಕ್ಕೆ ಓಡಿಸಿದರು. ಕಾಲು ಸೋತಿತು, ಎದೆ ಸೋಲಲಿಲ್ಲ. ಕವಾಟದಲ್ಲಿ ಲೆಕ್ಕಕ್ಕೆ ಬಾರದಷ್ಟು ಸೋರಿಕೆ ಇದೆ. ವರ್ಷಕ್ಕೊಮ್ಮೆ ಎಕೋ ಮಾಡಿಸಿ ಅದನ್ನು ನೋಡುತ್ತಿರಬೇಕು. ಮುಂದೆಂದಾದರೂ ಯಾವುದೋ ಊರಿನಲ್ಲಿ ಆಂಜಿಯೋಗ್ರಾಂ ಬೇಕಾಗಿ ಬಂದರೆ ಅಲ್ಲಿಯವರು ತಡಕಾಡದಿರಲಿ ಎಂದು, ಏನಿತ್ತು, ಏನು ಮಾಡಲಾಗಿದೆ ಎಂಬುದನ್ನು ಶಸ್ತ್ರವೈದ್ಯರು ಅರ್ಧ ಪುಟದಲ್ಲಿ ಬರೆದುಕೊಟ್ಟಿದ್ದಾರೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಟ್ಟಿದ್ದೇನೆ, ಇನ್ನೊಂದು ಪ್ರತಿ ಮೊಬೈಲ್‌ನಲ್ಲಿದೆ. ಸಿ.ಡಿ.ಗಳನ್ನೂ ಎಸೆದಿಲ್ಲ.

ಉಳಿದದ್ದು ಮಗಳ ವಿಚಾರ. ಒಂಬತ್ತನೆಯ ತರಗತಿ, ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. ಈ ದೋಷ ಕೆಲವೊಮ್ಮೆ ಒಂದೇ ಕುಟುಂಬದಲ್ಲಿ ಇನ್ನೊಬ್ಬರಿಗೂ ಇರುವುದುಂಟು, ಆಡುವ ಮಗುವಾದ್ದರಿಂದ ಒಮ್ಮೆ ನೋಡಿಬಿಡೋಣ ಎಂದರು ವೈದ್ಯರು. ಮಕ್ಕಳ ಎದೆಗೋಡೆ ತೆಳುವಾದ್ದರಿಂದ ನಾಳದ ಬಾಯಿಗಳು ದೊಡ್ಡವರಿಗಿಂತ ಚೆನ್ನಾಗಿ ಎಕೋದಲ್ಲೇ ಕಾಣುತ್ತವೆ, ಆದರೆ ಅದನ್ನೇ ಹುಡುಕಿ ನೋಡಬೇಕು. ಹಾಗಾಗಿ ಮಕ್ಕಳ ಹೃದ್ರೋಗ ತಜ್ಞರ ಬಳಿ ಕರೆದೊಯ್ದೆವು. ಅವರು ಎಡದ ಬಾಯಿ, ಬಲದ ಬಾಯಿ ಎರಡನ್ನೂ ಪರದೆಯ ಮೇಲೆ ಗುರುತು ಹಾಕಿ ನನಗೆ ತೋರಿಸಿದರು. ಎರಡೂ ತಮ್ಮ ತಮ್ಮ ಜಾಗದಲ್ಲಿದ್ದವು. ನಾನು ಇನ್ನೊಮ್ಮೆ ತೋರಿಸಿ ಎಂದು ಕೇಳುತ್ತಿದ್ದರೆ, ಅವಳು ಎದೆಯ ಮೇಲಿನ ಜೆಲ್ಲಿ ಒರೆಸಿಕೊಂಡು, ಅಭ್ಯಾಸಕ್ಕೆ ಹೊತ್ತಾಯಿತು, ಇನ್ನು ಹೊರಡೋಣ ಎಂದು ರಗಳೆ ಮಾಡುತ್ತಿದ್ದಳು.